ಬೆರಳಿಗೆ 98, ಮಿದುಳಿಗೆ ಎಷ್ಟು?

ಬೆಳಗಿನ ಎಂಟೂವರೆ. ಮಕ್ಕಳನ್ನು ಶಾಲೆಯ ವ್ಯಾನಿಗೆ ಹತ್ತಿಸಿ, ಯಜಮಾನರ ಡಬ್ಬಿ ಕಟ್ಟಿಕೊಟ್ಟು, ಈಗಷ್ಟೇ ಚಹಾ ಹಿಡಿದು ಕೂತಿದ್ದೀರಿ. ನಿಮ್ಮ ಮನೆ ಹುಬ್ಬಳ್ಳಿಯಲ್ಲಿ, ತವರು ಗಜೇಂದ್ರಗಡ ಅಂತಿಟ್ಟುಕೊಳ್ಳಿ. ಮೊಬೈಲು ಬಡಿದುಕೊಳ್ಳುತ್ತದೆ. ನೋಡಿದರೆ ತಮ್ಮನ ಹೆಂಡತಿ.

"ಅಕ್ಕಾರ, ಮಾವಾರ ಬಾಯಿ ಯಾಕೋ ಒಂದ ಕಡೆ ವಾಲಿದಂಗ ಕಾಣಾಕತ್ತೈತ್ರಿ. ಮಾತೂ ತೊದಲಾಕತ್ತಾರ. ಆದ್ರ ನೀವು ಹೆದರಬ್ಯಾಡ್ರಿ, ಬೆರಳಿಗೆ ಆ ಕ್ಲಿಪ್ ಹಚ್ಚಿ ನೋಡೀನಿ. ಆಕ್ಸಿಜನ್ ತೊಂಬತ್ತೆಂಟ ಐತಿ. ಸ್ವಲ್ಪ ಮಲಗ್ರಿ ಅಂತ ಹೇಳೀನಿ."

ತೊಂಬತ್ತೆಂಟು ಅಂದ ಕೂಡಲೇ ನಿಮಗೂ ಜೀವ ತಣ್ಣಗಾಗುತ್ತದೆ. ಯಾಕಾಗಬಾರದು? 2020-21ರ ಕೊರೋನಾ ದಿನಗಳಲ್ಲಿ ನಾವೆಲ್ಲ ಕಲಿತ ಪಾಠವೇ ಅದು. ಆ ಪುಟ್ಟ ಪಲ್ಸ್ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸುವುದು, 94ಕ್ಕಿಂತ ಕೆಳಗಿಳಿದರೆ ಎದೆ ಡವಡವ, ಮೇಲಿದ್ದರೆ ದೇವರಿಗೆ ಕೈ ಮುಗಿಯುವುದು. ಕೊರೋನಾ ಹೋದ ಮೇಲೂ ಆ ಕ್ಲಿಪ್ ಮನೆಯ ಔಷಧದ ಡಬ್ಬಿಯಲ್ಲಿ ಥರ್ಮಾಮೀಟರಿನ ಪಕ್ಕ ಉಳಿದುಬಿಟ್ಟಿತು. ಈಗ ತಲೆ ಸುತ್ತಿದರೂ ಅದೇ, ಎದೆ ಉರಿದರೂ ಅದೇ.

ಆದರೆ ಲಕ್ವಾ ಹೊಡೆದಾಗ ಆ ಕ್ಲಿಪ್ಪನ್ನು ನಂಬಿ ಕೂತರೆ ಕೆಟ್ಟಿರಿ. ಕ್ಲಿಪ್ ಸುಳ್ಳು ಹೇಳುವುದಿಲ್ಲ, ಬೆರಳಿನ ಸುದ್ದಿಯನ್ನು ಸರಿಯಾಗಿಯೇ ಹೇಳುತ್ತದೆ. ನಿಮಗೆ ಬೇಕಾಗಿರುವುದು ಮಿದುಳಿನ ಸುದ್ದಿ. ಬೆರಳಿನಲ್ಲಿ 98 ಇರುವ ಹೊತ್ತಿನಲ್ಲೇ ಮಿದುಳಿನ ಒಂದು ಭಾಗ ಆಮ್ಲಜನಕಕ್ಕಾಗಿ ಒದ್ದಾಡುತ್ತಿರಬಹುದು. ಹಾಗಾದರೆ ಮಿದುಳಿನ ಆಮ್ಲಜನಕವನ್ನೇ ಅಳೆಯುವ ಉಪಕರಣ ಇಲ್ಲವೇ ಅಂತ ಕೇಳಬಹುದು. ಇದೆ. ಸೂಜಿ ಚುಚ್ಚದೆ, ತಲೆ ಕೊರೆಯದೆ, ಹಣೆಗೆ ಒಂದು ಪಟ್ಟಿ ಅಂಟಿಸಿ ನೋಡುವಂಥದ್ದು. ಅದು ಏನು ಮಾಡುತ್ತದೆ, ಏನು ಮಾಡಲಾರದು ಅಂತ ತಿಳಿದುಕೊಂಡರೆ, ಅದು ಇಲ್ಲದ ಮನೆಯಲ್ಲಿ ನಾವೇನು ಮಾಡಬೇಕು ಎನ್ನುವುದೂ ಹೊಳೆಯುತ್ತದೆ.

ಅಣೆಕಟ್ಟು ತುಂಬಿದೆ, ಹೊಲ ಒಣಗಿದೆ

ನರಗುಂದದ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ನವಿಲುತೀರ್ಥದ ಅಣೆಕಟ್ಟು ತುಂಬಿದೆ ಅಂತ ಪೇಪರಿನಲ್ಲಿ ಬರುತ್ತದೆ. ಮಲಪ್ರಭಾ ಕಾಲುವೆಗೆ ನೀರು ಬಿಟ್ಟಿದ್ದಾರೆ ಅಂತಲೂ ಬರುತ್ತದೆ. ಆದರೆ ನಡುವೆ ಎಲ್ಲೋ ಹೂಳು ಕಟ್ಟಿಕೊಂಡಿದ್ದರೆ ಕಾಲುವೆಯ ಕೊನೆಯ ಹೊಲಕ್ಕೆ ಒಂದು ಹನಿಯೂ ಮುಟ್ಟುವುದಿಲ್ಲ. ನೀರಿನ ಕರದ ವಿರುದ್ಧ 1980ರಲ್ಲಿ ಬಂಡೆದ್ದ ಊರಿಗೆ ಈ ಲೆಕ್ಕ ಬೇರೆ ಹೇಳಿಕೊಡಬೇಕೆ?

ಬೆರಳಿನ ಕ್ಲಿಪ್ ಹೇಳುವುದು ದೊಡ್ಡ ಕಾಲುವೆಯಲ್ಲಿ ನೀರು ಚೆನ್ನಾಗಿದೆ ಎನ್ನುವ ಸುದ್ದಿ. ಶ್ವಾಸಕೋಶ ಸರಿಯಾಗಿ ಕೆಲಸ ಮಾಡುತ್ತಿದೆ, ರಕ್ತ ಆಮ್ಲಜನಕ ಹೊತ್ತು ಸಾಗುತ್ತಿದೆ, ಅಷ್ಟೇ. ಮಿದುಳಿಗೆ ಹೋಗುವ ನಾಳದಲ್ಲಿ ರಕ್ತದ ಹೆಪ್ಪು ಸಿಕ್ಕಿಕೊಂಡಿದ್ದರೆ ಅದರಾಚೆಗಿನ ಭಾಗಕ್ಕೆ ಆ ರಕ್ತ ಹೋಗುವುದೇ ಇಲ್ಲ. ಡಾಕ್ಟ್ರು ಪಾರ್ಶ್ವವಾಯು ಅಥವಾ ಸ್ಟ್ರೋಕ್ ಎನ್ನುವ, ನಮ್ಮ ಕಡೆ ಲಕ್ವಾ ಎನ್ನುವ ಕಾಯಿಲೆಯಲ್ಲಿ ಹೆಚ್ಚಿನ ಪಾಲು ಇಂಥದ್ದೇ. ಇನ್ನೊಂದು ಬಗೆಯಲ್ಲಿ ಕಾಲುವೆಯೇ ಒಡೆಯುತ್ತದೆ, ಅಂದರೆ ನಾಳ ಒಡೆದು ಮಿದುಳಿನೊಳಗೆ ರಕ್ತಸ್ರಾವವಾಗುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಚಿಕಿತ್ಸೆ ಮಾತ್ರ ಪೂರ್ತಿ ಉಲ್ಟಾ. ಯಾವುದು ಅಂತ ಹೇಳುವುದು ಸ್ಕ್ಯಾನ್ ಮಾತ್ರ.

ಮಿದುಳು ನಮ್ಮ ತೂಕದಲ್ಲಿ ನೂರಕ್ಕೆ 2 ಪಾಲು. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ 20 ಪಾಲು ಅದೊಂದಕ್ಕೇ ಬೇಕು. ನಾಳೆಗೆ ಅಂತ ಕೂಡಿಟ್ಟುಕೊಳ್ಳುವ ಬುದ್ಧಿಯೂ ಅದಕ್ಕಿಲ್ಲ! ದೊಡ್ಡ ನಾಳವೊಂದು ಕಟ್ಟಿಕೊಂಡಾಗ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಅಂತ ಅಮೆರಿಕದ ನರರೋಗ ತಜ್ಞ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು. "ಸ್ವಲ್ಪ ಮಲಗಲಿ" ಅಂತ ಬಿಟ್ಟ ಒಂದು ತಾಸಿಗೆ ಹನ್ನೊಂದು ಕೋಟಿಗೂ ಹೆಚ್ಚು.

ಇದರಲ್ಲಿ ಸಮಾಧಾನದ ಮಾತೂ ಒಂದಿದೆ. ಹೆಪ್ಪಿನ ನಟ್ಟನಡುವಿನ ಭಾಗ ಬೇಗ ಸಾಯುತ್ತದೆ ನಿಜ, ಆದರೆ ಅದರ ಸುತ್ತಲಿನ ಭಾಗ ಅಕ್ಕಪಕ್ಕದ ಸಣ್ಣ ನಾಳಗಳಿಂದ ಬಸಿದುಬಂದ ರಕ್ತದ ಮೇಲೆ ಹೇಗೋ ಜೀವ ಹಿಡಿದುಕೊಂಡಿರುತ್ತದೆ. ನೀರಿಲ್ಲದೆ ಬಾಡಿದ, ಆದರೆ ಇನ್ನೂ ಒಣಗಿ ಕಡ್ಡಿಯಾಗದ ಪೈರು ನೋಡಿದ್ದೀರಲ್ಲ, ಹಾಗೆ. ಹೊತ್ತಿಗೆ ಸರಿಯಾಗಿ ನೀರು ಬಂದರೆ ಮತ್ತೆ ತಲೆ ಎತ್ತುತ್ತದೆ. ಲಕ್ವಾಕ್ಕೆ ಡಾಕ್ಟ್ರು ಪಡುವ ಪಾಡೆಲ್ಲ ಈ ಬಾಡಿದ ಪೈರಿಗಾಗಿಯೇ.

ಹಾಗಿದ್ದರೆ ಸಿಲಿಂಡರ್ ತಂದು ಆಕ್ಸಿಜನ್ ಹಚ್ಚಿಬಿಟ್ಟರಾಯಿತಲ್ಲ ಅಂತ ಅನ್ನಿಸಬಹುದು. ಕೊರೋನಾ ಕಾಲದ ಅಭ್ಯಾಸ, ತಪ್ಪಿಲ್ಲ. ಬ್ರಿಟನ್ನಿನಲ್ಲಿ 8,003 ಪಾರ್ಶ್ವವಾಯು ರೋಗಿಗಳ ಮೇಲೆ ಇದನ್ನೇ ಪರೀಕ್ಷಿಸಿ ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶ: ರಕ್ತದಲ್ಲಿ ಆಮ್ಲಜನಕ ಸಾಕಷ್ಟು ಇರುವವರಿಗೆ ಸುಮ್ಮನೆ ಆಕ್ಸಿಜನ್ ಕೊಟ್ಟಿದ್ದರಿಂದ ಏನೂ ಲಾಭವಾಗಲಿಲ್ಲ. ಹೂಳು ತೆಗೆಯದೆ ಅಣೆಕಟ್ಟಿಗೆ ಇನ್ನಷ್ಟು ನೀರು ತುಂಬಿಸಿದರೆ ಹೊಲಕ್ಕೇನು ಬಂತು? ಬೆರಳಿನ ಅಂಕಿ ನಿಜವಾಗಿಯೂ ಕೆಳಗಿಳಿದಿದ್ದರೆ ಆಸ್ಪತ್ರೆಯಲ್ಲಿ ಕೊಡುತ್ತಾರೆ, ಅದು ಬೇರೆ ಮಾತು. ಸಿಲಿಂಡರ್ ಹುಡುಕಿಕೊಂಡು ಊರೆಲ್ಲ ಫೋನ್ ಮಾಡುತ್ತ ಕೂತರೆ ಹೋಗುವುದು ನಿಮ್ಮ ಹೊತ್ತೇ.

ಹಣೆಯ ಮೇಲೊಂದು ಪಟ್ಟಿ

ಈಗ ಆ ಉಪಕರಣಕ್ಕೆ ಬರೋಣ. ರಾತ್ರಿ ಕರೆಂಟು ಹೋದಾಗ ಮೊಬೈಲಿನ ಟಾರ್ಚ್ ಮೇಲೆ ಮಕ್ಕಳು ಬೆರಳಿಟ್ಟು ಆಡುವುದನ್ನು ನೋಡಿದ್ದೀರಿ. ಬೆರಳು ಕೆಂಪಗೆ ಹೊಳೆಯುತ್ತದೆ. ಬಿಳಿ ಬೆಳಕಿನಲ್ಲಿ ಬೇರೆ ಬಣ್ಣಗಳನ್ನೆಲ್ಲ ರಕ್ತ, ಮಾಂಸ ಹೀರಿಕೊಂಡುಬಿಡುತ್ತವೆ, ಕೆಂಪು ಮಾತ್ರ ತೂರಿಕೊಂಡು ಈಚೆ ಬರುತ್ತದೆ. ಕೆಂಪಿನ ಆಚೆಗಿನ, ಕಣ್ಣಿಗೆ ಕಾಣದ ಬೆಳಕು ಇನ್ನೂ ಆಳಕ್ಕೆ ಹೋಗುತ್ತದೆ. ಟಿ.ವಿ. ರಿಮೋಟಿನಿಂದ ಹೊರಡುವುದು ಅದೇ ಜಾತಿಯ ಬೆಳಕು.

ಆಮ್ಲಜನಕ ಹೊತ್ತ ರಕ್ತ ಒಂದು ಥರ, ಆಮ್ಲಜನಕ ಇಳಿಸಿ ಬಂದ ರಕ್ತ ಇನ್ನೊಂದು ಥರ ಈ ಬೆಳಕನ್ನು ಹೀರುತ್ತವೆ. ಈ ವ್ಯತ್ಯಾಸವನ್ನೇ ಹಿಡಿದು ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ 1974ರಲ್ಲಿ ನಮ್ಮ ಬೆರಳಿನ ಕ್ಲಿಪ್ಪಿನ ತತ್ವ ಕಂಡುಹಿಡಿದರು. ವಿಚಿತ್ರ ನೋಡಿ, ಜಗತ್ತಿನ ಮನೆಮನೆಗೂ ಅವರ ಕ್ಲಿಪ್ ನುಗ್ಗಿದ 2020ರಲ್ಲೇ ಅವರು ತೀರಿಕೊಂಡರು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೋಬ್ಸಿಸ್ 1977ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ಬೆಳಕು ಚರ್ಮ ಮತ್ತು ತಲೆಬುರುಡೆಯನ್ನು ದಾಟಿ ಮಿದುಳನ್ನೂ ಮುಟ್ಟಿ ವಾಪಸು ಬರುತ್ತದೆ ಅಂತ ತೋರಿಸಿಕೊಟ್ಟರು.

ಮಿದುಳಿನ ಆಕ್ಸಿಮೀಟರ್ ಹುಟ್ಟಿದ್ದು ಹಾಗೆ. ಬ್ಯಾಂಡೇಜಿನಂಥ ಎರಡು ಪಟ್ಟಿಗಳನ್ನು ಹಣೆಯ ಎಡಕ್ಕೊಂದು ಬಲಕ್ಕೊಂದು ಅಂಟಿಸುತ್ತಾರೆ. ಪಟ್ಟಿಯ ಒಂದು ತುದಿಯಿಂದ ಬೆಳಕು ಒಳಗೆ ಹೋಗುತ್ತದೆ, ಕೆಲವು ಸೆಂ.ಮೀ. ದೂರದಲ್ಲಿರುವ ಎರಡು ಕಣ್ಣುಗಳು ಹಿಂದಿರುಗಿದ ಬೆಳಕನ್ನು ಹಿಡಿಯುತ್ತವೆ. ಹತ್ತಿರದ ಕಣ್ಣಿಗೆ ಬರುವುದು ಹೆಚ್ಚಾಗಿ ಚರ್ಮ, ಎಲುಬಿನ ಸುದ್ದಿ. ದೂರದ ಕಣ್ಣಿಗೆ ಮಿದುಳಿನ ಮೇಲ್ಪದರದ ಸುದ್ದಿಯೂ ಸೇರಿರುತ್ತದೆ. ಅದರಿಂದ ಇದನ್ನು ಕಳೆದರೆ ಮಿದುಳಿನ ಲೆಕ್ಕ ಸಿಗುತ್ತದೆ. ನೋವಿಲ್ಲ, ಎಕ್ಸ್-ರೇ ಥರದ ವಿಕಿರಣವಿಲ್ಲ. ಅವಧಿಗೆ ಮೊದಲೇ ಹುಟ್ಟಿದ ಹಸುಗೂಸಿಗೂ ಹಚ್ಚುತ್ತಾರೆ.

ಒಂದು ಸಣ್ಣ ಮಾತು, ಆದರೆ ಹೇಳಲೇಬೇಕು. ಪಟ್ಟಿ ಅಂಟಬೇಕಾದರೆ ಹಣೆ ಸ್ವಚ್ಛವಾಗಿ, ಒಣಗಿರಬೇಕು. ಹಾಗಾಗಿ ನರ್ಸಮ್ಮ ಬಂದು ಮೊದಲು ಮಾಡುವ ಕೆಲಸ ಹಣೆಯ ಕುಂಕುಮ, ವಿಭೂತಿ ಒರೆಸುವುದು. ಐಸಿಯು ಬಾಗಿಲಲ್ಲಿ ನಿಂತು ಅದನ್ನು ನೋಡುವ ಹೆಣ್ಣುಮಗಳ ಕರುಳು ಚುರ್ ಅನ್ನುತ್ತದೆ, ಏನೋ ಅಪಶಕುನ ಆಗಿಹೋಯಿತು ಎನ್ನುವ ಹಾಗೆ. ಅಂಥದ್ದೇನೂ ಇಲ್ಲ. ಬೆಳಕು ಒಳಗೆ ಹೋಗಲಿ ಅಂತ ಕಿಟಕಿ ಒರೆಸುತ್ತಿದ್ದಾರೆ.

ಲಕ್ವಾ ಚಿಕಿತ್ಸೆಯಲ್ಲಿ ಇದರ ಕೆಲಸ

ಈ ಪಟ್ಟಿಗೆ ಹೆಚ್ಚು ಕೆಲಸವಿರುವುದು ಹೃದಯದ ಆಪರೇಷನ್ನುಗಳಲ್ಲಿ. ಹೃದಯದ ಕೆಲಸವನ್ನು ಯಂತ್ರ ಮಾಡುವ ಹೊತ್ತಿನಲ್ಲಿ, ಅಥವಾ ಮಿದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ನಾಳವನ್ನು ಸ್ವಚ್ಛ ಮಾಡುವಾಗ, ಮಿದುಳಿಗೆ ಕೊರತೆಯಾಗುತ್ತಿದೆಯೇ ಅಂತ ಅರಿವಳಿಕೆ ಡಾಕ್ಟ್ರು ಇದರಲ್ಲಿ ಕಣ್ಣಿಟ್ಟಿರುತ್ತಾರೆ.

ಲಕ್ವಾದಲ್ಲಿ ಇದು ಇನ್ನೂ ಹೊಸಬ. ತೊಡೆಯ ಸಂದಿಯ ಅಥವಾ ಮುಂಗೈಯ ನಾಳದಿಂದ ಸಣ್ಣ ನಳಿಕೆ ತೂರಿಸಿ ಮಿದುಳಿನ ಹೆಪ್ಪನ್ನೇ ಎಳೆದು ತೆಗೆಯುವ ಚಿಕಿತ್ಸೆ ಇದೆಯಲ್ಲ, ಆಗ ಕೆಲವು ಕಡೆ ಹಣೆಗೆ ಈ ಪಟ್ಟಿ ಹಚ್ಚುತ್ತಾರೆ. ಆಮೇಲೆ ಐಸಿಯುನಲ್ಲೂ ಹಚ್ಚುವುದುಂಟು. ಒಂದು ಪಕ್ಕದ ಅಂಕಿಯನ್ನು ಇನ್ನೊಂದು ಪಕ್ಕದ ಅಂಕಿಗೆ ಹೋಲಿಸಿ ನೋಡಬಹುದು. ಸಿ.ಟಿ. ಸ್ಕ್ಯಾನ್ ಅಂದರೆ ಒಂದು ಕ್ಷಣದ ಫೋಟೋ. ಇದು ಸಿನಿಮಾ ಇದ್ದ ಹಾಗೆ, ಕ್ಷಣಕ್ಷಣಕ್ಕೂ ಬದಲಾಗುವುದನ್ನು ಹಾಸಿಗೆಯ ಪಕ್ಕದಲ್ಲೇ ತೋರಿಸುತ್ತದೆ.

ಮುಖ್ಯವಾಗಿ ಬಿ.ಪಿ.ಯ ವಿಷಯದಲ್ಲಿ. ನಾಳ ಕಟ್ಟಿಕೊಂಡಿರುವಾಗ ಬಾಡಿದ ಭಾಗ ಬದುಕಿರುವುದೇ ಪಕ್ಕದ ಸಣ್ಣ ನಾಳಗಳ ಒತ್ತಡದ ಮೇಲೆ. ಅರಿವಳಿಕೆಯಲ್ಲಿ ಬಿ.ಪಿ. ಒಮ್ಮೆಲೇ ಬಿದ್ದರೆ ಅಲ್ಲಿಗೆ ಹೋಗುವ ಅಷ್ಟಿಷ್ಟು ರಕ್ತವೂ ಸೊರಗುತ್ತದೆ, ಬೆರಳಿನ ಕ್ಲಿಪ್ ಮಾತ್ರ 98 ಅಂತಲೇ ಜಪ ಮಾಡುತ್ತಿರುತ್ತದೆ. ಹಣೆಯ ಪಟ್ಟಿಯ ಅಂಕಿ ಅಂಥಲ್ಲಿ ಇಳಿದು ಎಚ್ಚರಿಸಬಹುದು.

ಇದರಿಂದ ನಿಮ್ಮ ಅಡುಗೆಮನೆಗೆ ಬರುವ ಪಾಠ ಒಂದಿದೆ. ಲಕ್ವಾ ಹೊಡೆದವರ ಬಿ.ಪಿ. ನೋಡಿದರೆ ಅದು 180, 190 ಅಂತ ಏರಿಕೊಂಡಿರುವುದುಂಟು. ಗಾಬರಿಗೆ ಯಾರೋ ಹೇಳುತ್ತಾರೆ, "ನಾಲಿಗಿ ಕೆಳಗ ಒಂದ ಗುಳಿಗಿ ಇಡ್ರಿ." ಬೇಡ! ಆಪರೇಷನ್ ಥಿಯೇಟರಿನಲ್ಲಿ ಇಷ್ಟೆಲ್ಲ ಯಂತ್ರ ಇಟ್ಟುಕೊಂಡು ಡಾಕ್ಟ್ರು ಯಾವುದನ್ನು ತಪ್ಪಿಸಲು ಹೆಣಗುತ್ತಾರೋ, ಅದನ್ನೇ ನಾವು ಮನೆಯಲ್ಲಿ ಕೈಯಾರೆ ಮಾಡಿದಂತಾಗುತ್ತದೆ. ಇಳಿಸಬೇಕೋ ಬೇಡವೋ, ಎಷ್ಟು ಇಳಿಸಬೇಕು ಎನ್ನುವುದು ಆಸ್ಪತ್ರೆಯವರ ತಲೆನೋವು.

65 ಅಂತ ಕಂಡರೆ ಎದೆ ಒಡೆದುಕೊಳ್ಳಬೇಡಿ

ನಿಮ್ಮವರು ಯಾರೋ ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿದ್ದಾರೆ, ಹಣೆಗೆ ಪಟ್ಟಿ ಇದೆ, ಪಕ್ಕದ ಪರದೆಯಲ್ಲಿ 65, 68 ಅಂತ ಬರುತ್ತಿದೆ ಅಂದುಕೊಳ್ಳಿ. ಬೆರಳಿನ ಕ್ಲಿಪ್ಪಿನ ಲೆಕ್ಕದಲ್ಲಿ ಇದು ಕೈಬಿಟ್ಟ ಕೇಸು. ಮಿದುಳಿನ ಪಟ್ಟಿಯ ಲೆಕ್ಕದಲ್ಲಿ 60ರಿಂದ 75ರ ಆಸುಪಾಸು ಇರುವುದು ಸಾಮಾನ್ಯವೇ. ಬೆರಳಿನ ಕ್ಲಿಪ್ ನಾಡಿಯ ಬಡಿತ ಹಿಡಿದು ಶುದ್ಧ ರಕ್ತವನ್ನು ಮಾತ್ರ ಅಳೆಯುತ್ತದೆ. ಹಣೆಯ ಪಟ್ಟಿ ಅಳೆಯುವುದು ಎಲ್ಲ ಕಲೆಸಿದ ರಕ್ತವನ್ನು, ಅದರಲ್ಲೂ ಹೆಚ್ಚಿನ ಪಾಲು ಆಮ್ಲಜನಕ ಇಳಿಸಿ ವಾಪಸು ಹೊರಟದ್ದನ್ನು. ಸಂತೆಗೆ ಹೋಗುವ ಚೀಲ ತುಂಬಿರುತ್ತದೆ, ಮಾರಿ ಬರುವ ಚೀಲ ಖಾಲಿಯಾಗಿರುತ್ತದೆ, ಎರಡನ್ನೂ ಕೂಡಿಸಿ ತೂಗಿದರೆ ಅಂಕಿ ಕಮ್ಮಿಯೇ ಬರಬೇಕು.

ಡಾಕ್ಟ್ರು ಒಂದು ಅಂಕಿಗಿಂತ ಅದು ಹೋಗುತ್ತಿರುವ ದಾರಿಯನ್ನು ನೋಡುತ್ತಾರೆ. ಶುರುವಿನಲ್ಲಿ ಇದ್ದದ್ದಕ್ಕಿಂತ ಸುಮಾರು ಐದನೇ ಒಂದು ಪಾಲು ಇಳಿದರೆ ಆಪರೇಷನ್ನುಗಳಲ್ಲಿ ಎಚ್ಚರಾಗುತ್ತಾರೆ. ನೀವು ಗಾಜಿನಾಚೆ ನಿಂತು ಅಂಕಿ ಎಣಿಸಿ ಬಿ.ಪಿ. ಏರಿಸಿಕೊಳ್ಳುವುದಕ್ಕಿಂತ, "ಮೊದಲು ಎಷ್ಟಿತ್ತು, ಈಗ ಎಷ್ಟಾಗಿದೆ?" ಅಂತ ಡ್ಯೂಟಿ ಡಾಕ್ಟ್ರನ್ನು ಒಂದು ಸಲ ಕೇಳಿಬಿಡಿ.

ಇನ್ನು ಇದರ ದೋಷ. ಹಣೆಯ ಪಟ್ಟಿ ನೋಡುವುದು ಹಣೆಯ ಹಿಂದಿನ ಮಿದುಳನ್ನು ಮಾತ್ರ, ಅದೂ ಮೇಲ್ಪದರವನ್ನು. ಲಕ್ವಾ ಮಿದುಳಿನ ಹಿಂಭಾಗದಲ್ಲೋ ಒಳ ಆಳದಲ್ಲೋ ಆಗಿದ್ದರೆ ಪಟ್ಟಿಗೆ ಗೊತ್ತೇ ಆಗದಿರಬಹುದು. ನೆತ್ತಿಯ ಮೇಲೆ ಹಚ್ಚೋಣವೆಂದರೆ ಕೂದಲು ಅಡ್ಡ. ಚರ್ಮದ ಬಣ್ಣವೂ ಇಂಥ ಬೆಳಕಿನ ಉಪಕರಣಗಳ ಲೆಕ್ಕವನ್ನು ಅಷ್ಟಿಷ್ಟು ತಪ್ಪಿಸುತ್ತದೆ. ಸಿ.ಟಿ. ಸ್ಕ್ಯಾನಿನ ಜಾಗವನ್ನು ಇದು ತುಂಬಲಾರದು. ಲಕ್ವಾ ಚಿಕಿತ್ಸೆಯಲ್ಲಿ ಇದು ಇರಲೇಬೇಕು ಎನ್ನುವಷ್ಟು ಪುರಾವೆಯೂ ಇನ್ನೂ ಕೂಡಿಬಂದಿಲ್ಲ. ಆದ್ದರಿಂದ "ಆ ಮಷೀನು ಇರೋ ಆಸ್ಪತ್ರೆಗೇ ಹೋಗೋಣ" ಅಂತ ಹುಡುಕಾಟ ಬೇಡ. ಹುಡುಕಬೇಕಾದದ್ದು ಬೇರೆ, ಅದಕ್ಕೆ ಬರುತ್ತೇನೆ.

ಇದೇ ಬೆಳಕನ್ನು ಬೇರೆ ಕೆಲಸಕ್ಕೆ ಹಚ್ಚಿದ ಸುದ್ದಿ ನಮ್ಮ ದೇಶದಿಂದಲೇ, ನಮ್ಮ ಬೆಂಗಳೂರನ್ನೂ ಸೇರಿಸಿಕೊಂಡು ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಭೋಪಾಲದ ಏಮ್ಸ್, ಬೆಂಗಳೂರಿನ ನಿಮ್ಹಾನ್ಸ್ ಮತ್ತು ಬಯೋಸ್ಕ್ಯಾನ್ ರಿಸರ್ಚ್ ಕಂಪನಿ ಸೇರಿ ರೂಪಿಸಿದ, ಕೈಯಲ್ಲಿ ಹಿಡಿಯುವ 'ಸೆರೆಬೊ' ಎಂಬ ಉಪಕರಣ 2025ರಲ್ಲಿ ಸುದ್ದಿಯಾಯಿತು. ತಲೆಗೆ ಪೆಟ್ಟು ಬಿದ್ದವರ ಬುರುಡೆಯೊಳಗೆ ರಕ್ತ ಸೋರಿದೆಯೇ ಎನ್ನುವುದನ್ನು ಒಂದು ನಿಮಿಷದೊಳಗೆ ಸೂಚಿಸುವುದು ಅದರ ಕೆಲಸ. ಸ್ಕ್ಯಾನ್ ಇಲ್ಲದ ಊರಿನ ಆಸ್ಪತ್ರೆ, ಆಂಬುಲೆನ್ಸುಗಳನ್ನು ಕಣ್ಣಲ್ಲಿಟ್ಟುಕೊಂಡು ಮಾಡಿದ್ದು. ಅದು ಆಮ್ಲಜನಕ ಅಳೆಯುವುದಿಲ್ಲ, ಲಕ್ವಾಕ್ಕೆ ಅಂತ ಮಾಡಿದ್ದೂ ಅಲ್ಲ. ಆದರೂ ಗಜೇಂದ್ರಗಡದಂಥ ಊರಿನ ಆಂಬುಲೆನ್ಸಿನಲ್ಲಿ ತಲೆಯೊಳಗಿನ ಸುದ್ದಿ ಹೇಳುವ ಬೆಳಕೊಂದು ಇದ್ದರೆ ಹೇಗಿರುತ್ತದೆ ಅಂತ ಯೋಚಿಸಿ ನೋಡಿ.

ಗಡಿಯಾರ ಇರುವುದು ನಿಮ್ಮ ಕೈಯಲ್ಲಿ

ಈಗ ಮತ್ತೆ ಆ ಫೋನಿಗೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ತಾಸಿನೊಳಗೆ ಸಿಗಬೇಕು. ದೊಡ್ಡ ನಾಳದ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆಗೆ ಆರು ತಾಸು. 2018ರಲ್ಲಿ ಪ್ರಕಟವಾದ ಅಧ್ಯಯನಗಳ ಮೇಲೆ, ಸ್ಕ್ಯಾನಿನಲ್ಲಿ ಇನ್ನೂ ಉಳಿಸಬಹುದಾದ ಭಾಗ ಕಂಡ ಆಯ್ದ ಕೆಲವರಿಗೆ 24 ತಾಸಿನವರೆಗೂ ಮಾಡುತ್ತಾರೆ. ಹೊತ್ತು ಮೀರಿದರೆ ಇಂಜೆಕ್ಷನ್ನಿನಿಂದ ಲಾಭಕ್ಕಿಂತ ರಕ್ತಸ್ರಾವದ ಅಪಾಯವೇ ಹೆಚ್ಚು.

ಲೆಕ್ಕ ಹಾಕಿ. ಅಪ್ಪ ಕೊನೆಯ ಸಲ ಸರಿಯಾಗಿದ್ದದ್ದು ಏಳೂವರೆಗೆ. ಅಂದರೆ ಬಾಗಿಲು ಮುಚ್ಚುವುದು ಮಧ್ಯಾಹ್ನ ಹನ್ನೆರಡಕ್ಕೆ. ಎಂಟೂವರೆಗೆ ಫೋನು, ಒಂಬತ್ತಕ್ಕೆ ಗಾಡಿ ಬಂತು ಅನ್ನಿ. ಗಜೇಂದ್ರಗಡದಿಂದ ಗದಗ ಐವತ್ತು ಚಿಲ್ಲರೆ ಕಿ.ಮೀ., ತಲುಪುವಾಗ ಹತ್ತೂಕಾಲು. ಚೀಟಿ, ರಕ್ತ ಪರೀಕ್ಷೆ, ಸ್ಕ್ಯಾನ್ ಮುಗಿಯುವಾಗ ಹನ್ನೊಂದೂಕಾಲು. ಉಳಿದದ್ದು ಮುಕ್ಕಾಲು ತಾಸು. "ಸ್ವಲ್ಪ ಮಲಗಲಿ" ಅಂತ ಒಂದು ತಾಸು ಬಿಟ್ಟಿದ್ದರೆ? ರೋಣದಿಂದ ಗದಗ ಇನ್ನೂ ಸ್ವಲ್ಪ ಹತ್ತಿರ. ನರಗುಂದದವರಿಗೆ ಹುಬ್ಬಳ್ಳಿಯ ಹೆದ್ದಾರಿ ಇದೆ, ಅದೂ ಐವತ್ತು ಕಿ.ಮೀ. ಮೇಲೆಯೇ. ಮೂರೂ ಊರಿನವರಿಗೆ ಕೈಯಲ್ಲಿ ಕಳೆಯಲು ಹೊತ್ತಿಲ್ಲ.

ಅದಕ್ಕೇ ಹೇಳುವುದು, ಲಕ್ಷಣ ಗೊತ್ತಿರಲಿ. ನಗಲು ಹೇಳಿದರೆ ಬಾಯಿ ಒಂದು ಕಡೆ ವಾಲುತ್ತದೆ. ಎರಡೂ ಕೈ ಮುಂದೆ ಚಾಚಲು ಹೇಳಿದರೆ ಒಂದು ತಾನಾಗಿ ಇಳಿಯುತ್ತದೆ. "ಇವತ್ತು ಯಾವ ವಾರ?" ಅಂತ ಕೇಳಿದರೆ ಮಾತು ತೊದಲುತ್ತದೆ ಅಥವಾ ಅಡ್ಡಾದಿಡ್ಡಿ ಬರುತ್ತದೆ. ಕೆಲವರಿಗೆ ಒಮ್ಮೆಲೇ ಕಣ್ಣು ಮಂಜಾಗುವುದು, ತೋಲ ತಪ್ಪಿ ಬೀಳುವುದೂ ಆಗುತ್ತದೆ. ಒಂದಿದ್ದರೂ ಸಾಕು, 108. ಬಾಯಿ ಮಾತ್ರ ವಾಲುವ ಬೇರೆ, ಅಷ್ಟು ಅಪಾಯವಿಲ್ಲದ ಕಾಯಿಲೆಯೂ ಇದೆ ನಿಜ. ಅದು ಯಾವುದು ಅಂತ ಡಾಕ್ಟ್ರು ಹೇಳಲಿ, ಪಕ್ಕದ ಮನೆಯವರು ಬೇಡ. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು ಅಂತ ಬಿಡಬೇಡಿ. ದೊಡ್ಡದು ಬರುವ ಮುಂಚೆ ಸಣ್ಣದು ಹೀಗೆ ಬಂದು ಹೋಗುವುದುಂಟು. ಆಗಲೂ ಅವತ್ತೇ ಹೋಗಬೇಕು.

ಆಸ್ಪತ್ರೆಯಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು: "ಕೊನೆಯ ಸಲ ಯಾವಾಗ ಚೆನ್ನಾಗಿದ್ದರು?" ಗಮನಿಸಿ, ನೀವು ನೋಡಿದ್ದು ಯಾವಾಗ ಅಂತಲ್ಲ, ಚೆನ್ನಾಗಿದ್ದದ್ದು ಯಾವಾಗ ಅಂತ. ಇದಕ್ಕೆ ಉತ್ತರ ಯಾವ ಯಂತ್ರದಲ್ಲೂ ಇಲ್ಲ, ಮನೆಯ ಹೆಣ್ಣುಮಕ್ಕಳ ಹತ್ತಿರವೇ ಇರುವುದು. ಗಂಡಸರು "ಬೆಳಿಗ್ಗೆ ಯಾವಾಗಲೋ" ಅಂದುಬಿಡುತ್ತಾರೆ (ಕ್ಷಮಿಸಿ, ನೋಡಿದ್ದನ್ನೇ ಹೇಳುತ್ತಿದ್ದೇನೆ). ನಿಮಗೆ ನಳದ ನೀರು ಬಂದ ಹೊತ್ತು ಗೊತ್ತು, ಹಾಲಿನವನು ಬಂದದ್ದು ಗೊತ್ತು, ಯಾವ ಸೀರಿಯಲ್ ಮುಗಿಯುವಾಗ ಅತ್ತೆ ಎದ್ದು ಹೋದರು ಅಂತಲೂ ಗೊತ್ತು. ಆ ಹೊತ್ತನ್ನು ಚೀಟಿಯಲ್ಲಿ ಬರೆದುಕೊಳ್ಳಿ. ನಿದ್ದೆಯಲ್ಲಿ ಲಕ್ವಾ ಹೊಡೆದಿದ್ದರೆ ರಾತ್ರಿ ಮಲಗುವಾಗಿನ ಹೊತ್ತೇ ಲೆಕ್ಕ. ಹಾಗಂತ ಮನೆಯಲ್ಲೇ ಕೈಚೆಲ್ಲಬೇಡಿ, ಅಂಥವರಿಗೂ ಸ್ಕ್ಯಾನ್ ನೋಡಿ ಚಿಕಿತ್ಸೆ ಕೊಡುವ ದಾರಿಗಳು ಈಗ ಇವೆ.

ಗಾಡಿ ಬರುವ ತನಕ ಬಾಯಿಗೆ ಏನೂ ಹಾಕಬೇಡಿ. ನೀರೂ ಬೇಡ, ಚಹಾನೂ ಬೇಡ, ನುಂಗುವ ಶಕ್ತಿ ಹೋಗಿದ್ದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪಿರಿನ್ ಅಂತೂ ಬೇಡವೇ ಬೇಡ. ಹೃದಯದ ನೋವಿಗೆ ಅಗಿಯಲು ಕೊಡುವುದನ್ನು ಕೇಳಿರುತ್ತೀರಿ, ಆದರೆ ಇಲ್ಲಿ ನಾಳ ಒಡೆದದ್ದಾಗಿದ್ದರೆ ಅದು ವಿಷ. ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಶುಗರ್ ಇದ್ದವರಾದರೆ, ಮನೆಯಲ್ಲಿ ಮಷೀನಿದ್ದರೆ, ಒಂದು ಹನಿ ನೋಡಿ ಆ ಅಂಕಿಯನ್ನೂ ಚೀಟಿಯಲ್ಲಿ ಬರೆಯಿರಿ. ಶುಗರ್ ತೀರಾ ಇಳಿದಾಗಲೂ ಲಕ್ವಾದ ಹಾಗೆಯೇ ಕಾಣುತ್ತದೆ. ನುಂಗುತ್ತಿರುವ ಗುಳಿಗೆಗಳ ಚೀಟಿ, ಅದರಲ್ಲೂ ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ ಅದು, ಆಧಾರ್, ರೇಷನ್ ಕಾರ್ಡ್ ಒಂದೇ ಚೀಲದಲ್ಲಿರಲಿ.

ಪಾರಿವಾಳದ ರಕ್ತ ಹಚ್ಚುವುದು, ಲಕ್ವಾ ಔಷಧ ಕೊಡುವ ಊರಿಗೆ ಜೀಪು ಮಾಡಿಕೊಂಡು ಹೋಗುವುದು ನಮ್ಮ ಕಡೆ ಹಳೆಯ ಮಾತು. ನಂಬಿದವರ ಜೊತೆ ವಾದಕ್ಕೆ ನಿಲ್ಲಲು ಅವತ್ತು ಹೊತ್ತಿರುವುದಿಲ್ಲ. "ಮೊದಲು ಸ್ಕ್ಯಾನ್ ಆಗಲಿ, ಆಮೇಲೆ ನೋಡೋಣು" ಅಂದುಬಿಡಿ. ಆ ನಾಲ್ಕೂವರೆ ತಾಸು ಮಾತ್ರ ಅವರಿಗೆ ಕೊಡಬೇಡಿ.

ಹುಡುಕಬೇಕಾದದ್ದು ಬೇರೆ ಅಂದೆನಲ್ಲ, ಅದು ಇದು: ರಾತ್ರಿ ಎರಡು ಗಂಟೆಗೂ ಸಿ.ಟಿ. ಸ್ಕ್ಯಾನ್ ಮಾಡುವ, ಹೆಪ್ಪು ಕರಗಿಸುವ ಇಂಜೆಕ್ಷನ್ ಇಟ್ಟುಕೊಂಡಿರುವ ಆಸ್ಪತ್ರೆ ನಿಮ್ಮ ಊರಿಗೆ ಹತ್ತಿರ ಯಾವುದು? ಗದಗಿನಲ್ಲಿ ಜಿಮ್ಸ್ ಅಂತ ಜನ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ಹುಬ್ಬಳ್ಳಿಯಲ್ಲಿ ಈಗ ಕೆಎಂಸಿಆರ್‌ಐ ಎನ್ನಿಸಿಕೊಂಡಿರುವ ಕಿಮ್ಸ್, ಖಾಸಗಿಯವೂ ಇವೆ. ಈ ವಾರ, ಎಲ್ಲರೂ ಆರಾಮಾಗಿರುವಾಗಲೇ, ಫೋನ್ ಮಾಡಿ ಕೇಳಿ. ಉತ್ತರವನ್ನು ತವರಿನ ಮನೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆಸಿ.

ಬಾಣಂತಿಯ ತಲೆನೋವು

ಲಕ್ವಾ ಮುದುಕರ ಕಾಯಿಲೆ ಅಂತ ಓದಿ ಮಡಚಿಡುವವರಿಗೆ ಇದೊಂದು. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ಮಿದುಳಿನಿಂದ ರಕ್ತ ವಾಪಸು ಬರುವ ನಾಳಗಳು ಹೆಪ್ಪುಗಟ್ಟುವ ಒಂದು ಬಗೆಯ ಲಕ್ವಾ ಇದೆ. ನೀರು ಬರುವ ಕಾಲುವೆ ಚೆನ್ನಾಗಿದ್ದೂ ಬಸಿಗಾಲುವೆ ಕಟ್ಟಿಕೊಂಡರೆ ಹೊಲ ಜೌಗಾಗುತ್ತದಲ್ಲ, ಹಾಗೆ. ನಿಮ್ಹಾನ್ಸಿನ ವೈದ್ಯರು ಇದರ ಬಗ್ಗೆ ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಮೈಯಲ್ಲಿ ನೀರಿನಂಶ ಕಮ್ಮಿಯಾಗುವುದು ಇದಕ್ಕೆ ದಾರಿ ಮಾಡಿಕೊಡುವ ಕಾರಣಗಳಲ್ಲಿ ಒಂದು. ನಮ್ಮಲ್ಲೋ, "ಬಾಣಂತಿಗೆ ನೀರ ಕೊಡಬಾರದು, ಹೊಟ್ಟಿ ಬರತೈತಿ" ಅಂತ ಲೋಟಕ್ಕೆ ಲೆಕ್ಕ ಹಾಕುವ ಹಿರಿಯರು ಇನ್ನೂ ಇದ್ದಾರೆ. ಮಗಳ ಬಾಣಂತನ ಮಾಡುವ ತಾಯಂದಿರೇ, ಕಾಯಿಸಿ ಆರಿಸಿದ ನೀರನ್ನು ಅವಳು ಕೇಳಿದಷ್ಟು ಕೊಡಿ. ದಿನದಿನಕ್ಕೂ ಏರುವ ತಲೆನೋವು, ವಾಂತಿ, ಫಿಟ್ಸು, ಕೈಕಾಲು ಸೋಲು ಕಂಡರೆ ದೃಷ್ಟಿ ತೆಗೆಯುತ್ತ ಕೂರಬೇಡಿ. ಅವಳ ಬೆರಳಿಗೂ ಕ್ಲಿಪ್ ಹಚ್ಚಿದರೆ 98, 99 ಅಂತಲೇ ಬರುವುದು.

ಇನ್ನು ಆ ಫೋನು. ತಮ್ಮನ ಹೆಂಡತಿ ಇನ್ನೂ ಲೈನಿನಲ್ಲೇ ಇದ್ದಾಳೆ. ನೀವು ಚಹಾದ ಕಪ್ಪು ಕೆಳಗಿಟ್ಟು ಕೇಳುತ್ತೀರಿ.

"ಕ್ಲಿಪ್ ತಗದ ಬಾಜೂಕ ಇಡು ತಂಗಿ. ಅಪ್ಪಾರು ಕಡೀಕ ಯಾವಾಗ ಛಲೋ ಮಾತಾಡಿದ್ರು, ನೆನಪ ಮಾಡಿ ಹೇಳು."

"ಏಳೂವರಿಗೆ ಚಾ ಕೊಟ್ಟೆನ್ರಿ ಅಕ್ಕಾರ. ಸಕ್ಕರಿ ಕಡಿಮಿ ಆಗೈತಿ ಅಂತ ಬೈದ್ರು. ಆವಾಗ ಛಲೋನ ಇದ್ರು."

"ಏಳೂವರಿ ಅಂತ ಚೀಟ್ಯಾಗ ಬರಕೊ. 108ಕ್ಕ ಹಚ್ಚು, ಲಕ್ವಾ ಅಂತ ಹೇಳು. ಬಾಯಿಗೆ ಏನೂ ಹಾಕಬ್ಯಾಡ. ನಾ ಇಲ್ಲಿಂದ ಗದಗಿಗೆ ಹೊಂಟೆ."